ಹಾರ್ನ್‌ಬಿಯ ಮನೆಗೊಂದು ಮದರ್‌ಬೋರ್ಡ್: ಕಡಿಮೆ ಖರ್ಚಿನ ಕಂಪ್ಯೂಟರಿಗೆ ಯಾವುದು ಹೊಂದುತ್ತದೆ?

ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರಿಗೆ ಪ್ರೊಸೆಸರ್ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಯಾವುದು ಎಷ್ಟು ವೇಗ ಎಂದು ಹೋಲಿಸಿ ತೋರಿಸುವ ಅಂಕಿಗಳು ಬೇಕಾದಷ್ಟು ಸಿಗುತ್ತವೆ. ಮದರ್‌ಬೋರ್ಡಿಗೆ ಅಂಥ ಅಳತೆಗೋಲಿಲ್ಲ. ಒಂದೇ ಪ್ರೊಸೆಸರನ್ನು ಅಗ್ಗದ ಬೋರ್ಡಿನ ಮೇಲೂ ಅದರ ಮೂರುಪಟ್ಟು ಬೆಲೆಯ ಬೋರ್ಡಿನ ಮೇಲೂ ಕೂರಿಸಿ ನೋಡಿದರೆ ಮನೆಬಳಕೆಯ ಕೆಲಸದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಬೋರ್ಡಿಗೆ ಹೆಚ್ಚು ಹಣ ಯಾಕೆ ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು, ಎಲ್ಲಿ ನಿಲ್ಲಿಸಬೇಕು? ಕಡಿಮೆ ಬಜೆಟ್ಟಿನವರ ಮುಂದಿರುವ ಪ್ರಶ್ನೆ ಇದೇ. ಬೋರ್ಡ್ ತಂದು ಜೋಡಿಸಿದ ದಿನ ಅದು ಹೇಗೆ ಓಡುತ್ತದೆ ಎಂಬುದರಿಂದ ಈ ಪ್ರಶ್ನೆಗೆ ಉತ್ತರ ಸಿಗದು. ಅದು ಕೆಟ್ಟು ನಿಂತ ದಿನ ಏನಾಗುತ್ತದೆ, ಮೂರು ನಾಲ್ಕು ವರ್ಷ ಕಳೆದು ಹೊಸ ಪ್ರೊಸೆಸರ್ ಹಾಕಬೇಕೆನಿಸಿದಾಗ ಅದು ಒಪ್ಪುತ್ತದೆಯೇ ಎಂಬ ಎರಡು ವಿಷಯಗಳಿಂದಲೇ ಬೋರ್ಡನ್ನು ತೂಗಬೇಕು ಎಂಬುದು ನನ್ನ ಖಚಿತ ನಿಲುವು.

ಹಾರ್ನ್‌ಬಿಯಂಥ ಊರಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಪಶ್ಚಿಮ ಅಂಚಿನ ಬಡಾವಣೆ ಇದು. ಗೋದಾಮುಗಳು, ಕಾರ್ಖಾನೆಗಳು, ರೈಲು ಹಳಿ, ನಡುವೆ ಹಬ್ ಹಾರ್ನ್‌ಬಿ ಮಾಲ್. 2010ರ ಸೆಪ್ಟೆಂಬರ್ ಮತ್ತು 2011ರ ಫೆಬ್ರವರಿಯ ಭೂಕಂಪಗಳಲ್ಲಿ ನಗರದ ನಡುಭಾಗ ಕುಸಿದಾಗ ಅನೇಕ ವ್ಯಾಪಾರಗಳು ಈ ಪಶ್ಚಿಮದ ಕಡೆಗೆ ಸರಿದವು, ಸುತ್ತ ಹೊಸ ಮನೆಗಳೂ ಎದ್ದವು. ಬೆಂಗಳೂರು, ಮೈಸೂರುಗಳಿಂದ ಬಂದು ಈ ಕಡೆ ನೆಲೆನಿಂತ ಮನೆಗಳಲ್ಲಿ ಕಂಪ್ಯೂಟರಿನ ಅಗತ್ಯ ಹೆಚ್ಚುಕಡಿಮೆ ಒಂದೇ ಬಗೆಯದು: ಮಕ್ಕಳ ಶಾಲೆಯ ಕೆಲಸ, ಹತ್ತಿರದ ಇಲಾಮ್‌ನಲ್ಲಿರುವ ಕ್ಯಾಂಟರ್ಬರಿ ವಿಶ್ವವಿದ್ಯಾಲಯಕ್ಕೆ ಹೋಗುವ ಮಗನ ಪ್ರೋಗ್ರಾಮಿಂಗ್, ಊರಿನ ಅಜ್ಜಿಯೊಂದಿಗೆ ವಿಡಿಯೊ ಕಾಲ್, ಸಂಜೆ ಒಂದಿಷ್ಟು ಆಟ. ಹಣ ಮಾತ್ರ ಎಣಿಸಿಟ್ಟಷ್ಟೇ. ತೈವಾನಿನ ನಾಲ್ಕು ಕಂಪನಿಗಳಾದ ಏಸುಸ್, ಗಿಗಾಬೈಟ್, ಎಂಎಸ್‌ಐ, ಎಎಸ್‌ರಾಕ್‌ಗಳ ಬೋರ್ಡುಗಳೇ ಇಲ್ಲಿಯೂ ಸಿಗುವುದು. ಆದರೆ ಮಾಲು ದೂರದಿಂದ ಬರಬೇಕು, ಬಹಳಷ್ಟು ಆಕ್ಲೆಂಡಿನ ದಾಸ್ತಾನಿನಿಂದ ಕೊರಿಯರ್ ಹತ್ತಬೇಕು. ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್‌ಪಿ ರೋಡಿನಲ್ಲಾದರೆ ಬೋರ್ಡ್ ಹೊಂದದಿದ್ದರೆ ಮಧ್ಯಾಹ್ನವೇ ಪಕ್ಕದಂಗಡಿಯಲ್ಲಿ ಇನ್ನೊಂದನ್ನು ನೋಡಬಹುದು. ಇಲ್ಲಿ ತಪ್ಪು ಆಯ್ಕೆ ಎಂದರೆ ಪಾರ್ಸೆಲ್ ಕಟ್ಟಿ ಹಿಂದಿರುಗಿಸಿ, ದಿನಗಟ್ಟಲೆ ಕಾದು ಕೂರುವ ಕೆಲಸ.

ಮೊದಲು ತೀರ್ಮಾನಿಸಬೇಕಾದ್ದು ಸಾಕೆಟ್. ಪ್ರೊಸೆಸರ್ ಕೂರುವ ಈ ಜಾಗ ಒಮ್ಮೆ ನಿರ್ಧಾರವಾದರೆ ಉಳಿದ ಆಯ್ಕೆಗಳು ತಾವಾಗಿ ಸೋಸಿಹೋಗುತ್ತವೆ. ಇಂದು ಕಡಿಮೆ ಬಜೆಟ್ಟಿಗೆ ನಾಲ್ಕು ದಾರಿಗಳಿವೆ. ಎಎಂಡಿಯ ಎಎಂ4, ಅದರ ನಂತರದ ಎಎಂ5, ಇಂಟೆಲ್‌ನ ಎಲ್‌ಜಿಎ1700, ಹೊಸ ಎಲ್‌ಜಿಎ1851. ಕೊನೆಯದನ್ನು ಬೇಗ ಬದಿಗಿಡಬಹುದು. 2024ರ ಅಕ್ಟೋಬರಿನಲ್ಲಿ ಕೋರ್ ಅಲ್ಟ್ರಾ 200ಎಸ್ ಪ್ರೊಸೆಸರುಗಳ ಜೊತೆ ಬಂದ ಆ ಸಾಕೆಟ್ಟಿಗೆ ಎಚ್810, ಬಿ860 ಎಂಬ ಅಗ್ಗದ ಚಿಪ್‌ಸೆಟ್ಟುಗಳು (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್ಪುಗಳು) 2025ರ ಜನವರಿಯಲ್ಲಿ ಬಂದವು, ನಿಜ. ಆದರೆ ಅದಕ್ಕೆ ಹೊಂದುವ ಪ್ರೊಸೆಸರುಗಳಲ್ಲಿ ನಿಜವಾಗಿ ಅಗ್ಗವಾದವು ಕಡಿಮೆ.

ಎಎಂ4ರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೋರ್ಡ್ ಎಂಬುದು ಎಷ್ಟು ಕಾಲ ಬಾಳಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ರೈಜನ್ ಪ್ರೊಸೆಸರುಗಳು 2017ರ ಮಾರ್ಚಿನಲ್ಲಿ ಬಂದಾಗ ಬಿ350 ಬೋರ್ಡ್ ಕೊಂಡವರು ಐದು ವರ್ಷದ ನಂತರ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನು ಅದೇ ಬೋರ್ಡಿನ ಮೇಲೆ ಕೂರಿಸಲು ಸಾಧ್ಯವಾಯಿತು. ಇದು ತಾನಾಗಿ ಆದದ್ದಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂಬರುವ ರೈಜನ್ 5000 ಸಾಲು ಬಿ450, ಎಕ್ಸ್470 ಬೋರ್ಡುಗಳಲ್ಲಿ ಓಡುವುದಿಲ್ಲ ಎಂದು ಹೇಳಿತು. ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಇಡುವ ಚಿಪ್ಪಿನಲ್ಲಿ ಇಷ್ಟೊಂದು ಪ್ರೊಸೆಸರುಗಳ ವಿವರ ತುಂಬಲು ಜಾಗ ಸಾಲದು ಎಂಬುದು ಕೊಟ್ಟ ಕಾರಣ. ಬೋರ್ಡ್ ಕೊಂಡವರು ಜೋರಾಗಿ ವಿರೋಧಿಸಿದರು. ಅದೇ ತಿಂಗಳಲ್ಲಿ ಕಂಪನಿ ತನ್ನ ಮಾತನ್ನು ಹಿಂತೆಗೆದುಕೊಂಡಿತು. 2022ರಲ್ಲಿ ಇನ್ನೂ ಹಳೆಯ 300 ಸಾಲಿನ ಬೋರ್ಡುಗಳಿಗೂ ಆ ಬೆಂಬಲ ಬಂತು. ಒಂದು ಬೋರ್ಡಿನ ಆಯುಸ್ಸು ತಾಮ್ರದ ಗೆರೆಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದನ್ನು ಮಾಡಿದವರು ಬಯಾಸ್ ಕೊಡುತ್ತಾ ಹೋಗುವ ಮನಸ್ಸಿನಲ್ಲಿ ಇದೆ ಎಂದು ಆಗ ಎಲ್ಲರಿಗೂ ತಿಳಿಯಿತು.

ಇಂದು ಎಎಂ4 ತನ್ನ ದಾರಿಯ ಕೊನೆಯಲ್ಲಿದೆ. 2024ರಲ್ಲಿಯೂ ಕೆಲವು ಪ್ರೊಸೆಸರುಗಳು ಬಂದವಾದರೂ ಅವೆಲ್ಲ ಹಳೆಯ ವಿನ್ಯಾಸದ ಮರುರೂಪಗಳು. ಆದರೂ ಅದನ್ನು ಬಿಡಿ ಎಂದು ನಾನು ಹೇಳಲಾರೆ. ಕಾರಣ ರ‍್ಯಾಮ್.

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಏರಿದ ರೀತಿ ಬಜೆಟ್ಟಿನ ಎಲ್ಲ ಹಳೆಯ ಲೆಕ್ಕಗಳನ್ನು ಬುಡಮೇಲು ಮಾಡಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಕೊಳ್ಳುತ್ತಿವೆ, ತಯಾರಕರು ಹೆಚ್ಚು ಲಾಭದ ಕಡೆ ತಿರುಗಿದ್ದಾರೆ. ಮನೆಮನೆಗೆ ಪರಿಚಿತವಾದ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಎಎಂ5 ಬೋರ್ಡಿಗೆ ಡಿಡಿಆರ್5 ಬಗೆಯ ರ‍್ಯಾಮ್ ಮಾತ್ರ ಆಗುತ್ತದೆ, ಎಎಂ4ಕ್ಕೆ ಡಿಡಿಆರ್4 ಮಾತ್ರ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೂ ಇಲ್ಲ. ಹೀಗಾಗಿ ಹಳೆಯ ಕಂಪ್ಯೂಟರಿನಿಂದ ಬಿಚ್ಚಿಟ್ಟ 16 ಜಿಬಿ ಡಿಡಿಆರ್4 ಮನೆಯಲ್ಲಿದ್ದರೆ, ಬೋರ್ಡಿನ ಆಯ್ಕೆ ಅಲ್ಲಿಗೇ ಅರ್ಧ ಮುಗಿಯಿತು. ಅದನ್ನು ಬಳಸುವ ಎಎಂ4 ಬೋರ್ಡೋ ಡಿಡಿಆರ್4 ಬಗೆಯ ಎಲ್‌ಜಿಎ1700 ಬೋರ್ಡೋ ಕೊಳ್ಳುವುದೇ ಸರಿ. ಏನೂ ಇಲ್ಲದೆ ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ಡಿಡಿಆರ್4 ಮೇಲೆ ಹಣ ಹಾಕುವುದು ನನಗೆ ಒಪ್ಪಿತವಲ್ಲ. ಅದರ ಉತ್ಪಾದನೆ ಕಡಿಮೆಯಾಗುತ್ತಿದೆ, ಬೆಲೆಯೂ ಏರಿದೆ, ಮುಂದಿನ ಬೋರ್ಡಿಗೆ ಅದನ್ನು ಒಯ್ಯಲೂ ಬರುವುದಿಲ್ಲ. ಅಂಥವರು 8 ಜಿಬಿಯ ಎರಡು ಕಡ್ಡಿಗಳ ಬದಲು 16 ಜಿಬಿಯ ಒಂದೇ ಡಿಡಿಆರ್5 ಕಡ್ಡಿ ಹಾಕಿ ಎಎಂ5ರಲ್ಲಿ ಶುರುಮಾಡಿ, ಬೆಲೆ ಇಳಿದಾಗ ಇನ್ನೊಂದು ಸೇರಿಸಿಕೊಳ್ಳಬಹುದು. ಒಂದೇ ಕಡ್ಡಿಯಿಂದ ವೇಗ ಸ್ವಲ್ಪ ತಗ್ಗುತ್ತದೆ, ಅದರಲ್ಲೂ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ನೆಚ್ಚಿ ಆಟ ಆಡುವವರಿಗೆ. ಶಾಲೆಯ ಕೆಲಸಕ್ಕೆ ಅದು ತಿಳಿಯುವುದೂ ಇಲ್ಲ.

ಎಎಂ5 ಸಾಕೆಟ್ 2022ರ ಸೆಪ್ಟೆಂಬರಿನಲ್ಲಿ ಬಂತು. ಅದಕ್ಕೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಎಎಂ4ರ ಇತಿಹಾಸ ನೋಡಿದವರಿಗೆ ಈ ಮಾತನ್ನು ನಂಬಲು ಕಾರಣವಿದೆ. ಇಂಟೆಲ್‌ನ ದಾರಿ ಬೇರೆ. ಎಲ್‌ಜಿಎ1200 ಸಾಕೆಟ್ 10 ಮತ್ತು 11ನೇ ಪೀಳಿಗೆಗಳಿಗೆ ಮುಗಿಯಿತು. ಅದಕ್ಕೂ ಹಿಂದೆ ಎಲ್‌ಜಿಎ1151ರಲ್ಲಿ ಸಾಕೆಟ್ ಅದೇ ಇದ್ದರೂ 100, 200 ಸಾಲಿನ ಬೋರ್ಡುಗಳಿಗೆ 8ನೇ ಪೀಳಿಗೆಯ ಪ್ರೊಸೆಸರ್ ಹೊಂದುತ್ತಿರಲಿಲ್ಲ. ಹಳೆಯ ಬೋರ್ಡ್ ಹುಡುಕುವವರು ಇವತ್ತಿಗೂ ಇಲ್ಲಿ ಎಡವುತ್ತಾರೆ. 2021ರ ಕೊನೆಯಲ್ಲಿ ಬಂದ ಎಲ್‌ಜಿಎ1700 ಮೂರು ಪೀಳಿಗೆ ಕಂಡಿತು, 12ರಿಂದ 14. ಮನೆಬಳಕೆಗೆ ಅಲ್ಲಿಗೇ ಅದರ ಓಟ ನಿಂತಿತು. ಆದರೂ ಐ3-12100ನಂಥ ನಾಲ್ಕು ಕೋರಿನ ಪ್ರೊಸೆಸರಿಗೆ ಎಚ್610 ಬೋರ್ಡ್ ಜೊತೆಗೂಡಿಸಿದರೆ ಬರುವ ಕಂಪ್ಯೂಟರ್ ಶಾಲೆ, ಕಚೇರಿ, ವಿಡಿಯೊಗಳಿಗೆ ಧಾರಾಳ ಸಾಕು. ಮುಂದೆ ಐ5-12400ನ್ನೋ 13ನೇ ಪೀಳಿಗೆಯ ಐ5ಅನ್ನೋ ಬಳಸಿದ ಮಾಲಿನಲ್ಲಿ ಹುಡುಕಿ ಹಾಕುವ ದಾರಿಯೂ ತೆರೆದಿರುತ್ತದೆ.

ಸಾಕೆಟ್ ಆದ ಮೇಲೆ ಚಿಪ್‌ಸೆಟ್. ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿ. ಅಂಗಡಿಯ ಪಟ್ಟಿಯಲ್ಲಿ ಎಕ್ಸ್ ಅಥವಾ ಜೆಡ್ ಅಕ್ಷರದಿಂದ ಶುರುವಾಗುವ ಬೋರ್ಡುಗಳು ಪ್ರೊಸೆಸರನ್ನು ಮಿತಿಮೀರಿ ಓಡಿಸುವವರಿಗೆ, ಹತ್ತಾರು ಸಾಧನ ಜೋಡಿಸುವವರಿಗೆ. ನಮ್ಮ ಬಜೆಟ್ಟಿನ ಕ್ಷೇತ್ರ ಎ, ಬಿ, ಎಚ್ ಅಕ್ಷರಗಳದ್ದು: ಎಎಂ4ಕ್ಕೆ ಎ520 ಮತ್ತು ಬಿ550, ಎಎಂ5ಕ್ಕೆ ಎ620 ಮತ್ತು ಬಿ650, ಎಲ್‌ಜಿಎ1700ಕ್ಕೆ ಎಚ್610 ಮತ್ತು ಬಿ760. ಎ520ಕ್ಕೂ ಬಿ550ಕ್ಕೂ ಇರುವ ಮುಖ್ಯ ವ್ಯತ್ಯಾಸ ಪಿಸಿಐ ಎಕ್ಸ್‌ಪ್ರೆಸ್ 4.0. ಗ್ರಾಫಿಕ್ಸ್ ಕಾರ್ಡಿಗೂ ಒಂದು ಎಸ್‌ಎಸ್‌ಡಿಗೂ ಬಿ550ರಲ್ಲಿ ಆ ವೇಗದ ದಾರಿ ಸಿಗುತ್ತದೆ. ಆದರೆ ಕಡಿಮೆ ಬಜೆಟ್ಟಿನವರ ಅಚ್ಚುಮೆಚ್ಚಿನ ರೈಜನ್ 5 5600ಜಿ ಪ್ರೊಸೆಸರಿಗೇ 4.0 ಗೊತ್ತಿಲ್ಲ, ಅದು 3.0ದಲ್ಲೇ ನಿಂತಿದೆ. ಅದನ್ನು ಬಿ550 ಮೇಲೆ ಕೂರಿಸಿದವರು ಆ ಸೌಲಭ್ಯಕ್ಕೆ ದುಡ್ಡು ಕೊಟ್ಟೂ ಅದನ್ನು ಅನುಭವಿಸುವುದಿಲ್ಲ. ಪ್ರೊಸೆಸರಿನ ಹೆಸರು ಗೊತ್ತಾಗುವ ಮೊದಲೇ ಬೋರ್ಡ್ ಹುಡುಕಬಾರದು ಎನ್ನುವುದು ಇದಕ್ಕೇ.

ಚಿಪ್‌ಸೆಟ್ಟಿಗಿಂತ ನಾನು ಹೆಚ್ಚು ಹೊತ್ತು ನೋಡುವುದು ಸಾಕೆಟ್ಟಿನ ಎಡಗಡೆ ಮತ್ತು ಮೇಲ್ಗಡೆ. ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ವಿಆರ್‌ಎಂ ಅಲ್ಲಿರುತ್ತದೆ. ಅಗ್ಗದ ಬೋರ್ಡುಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಹಂತಗಳು ಕಡಿಮೆ, ಅವುಗಳ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಂ ತುಂಡೂ ಇಲ್ಲ. 65 ವಾಟ್ ಪ್ರೊಸೆಸರಿಗೆ ಇದು ನಡೆಯುತ್ತದೆ. ಅದೇ ಬೋರ್ಡಿನ ಮೇಲೆ ನಾಳೆ 105 ವಾಟಿನ ಪ್ರೊಸೆಸರ್ ತಂದು ಕೂರಿಸಿದರೆ ವಿಆರ್‌ಎಂ ಕಾದು, ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಕೆಲವು ಎ620 ಬೋರ್ಡುಗಳನ್ನು 65 ವಾಟಿನ ಲೆಕ್ಕದಲ್ಲೇ ಮಾಡಿರುತ್ತಾರೆ. ತಯಾರಕರ ತಾಣದಲ್ಲಿ ಪ್ರತಿ ಬೋರ್ಡಿಗೂ ಹೊಂದುವ ಪ್ರೊಸೆಸರುಗಳ ಪಟ್ಟಿ ಇರುತ್ತದೆ. ಇಂದು ಹಾಕುವ ಪ್ರೊಸೆಸರನ್ನಷ್ಟೇ ಅಲ್ಲ, ಮೂರು ವರ್ಷದ ಮೇಲೆ ಹಾಕಬಹುದಾದ್ದನ್ನೂ ಆ ಪಟ್ಟಿಯಲ್ಲಿ ಹುಡುಕಿ ನೋಡಬೇಕು. ಎ620ರಿಂದ ಒಳ್ಳೆಯ ವಿಆರ್‌ಎಂ ಇರುವ ಬಿ650ಗೆ ಏರಲು ಕೊಡುವ ಹೆಚ್ಚುವರಿ ಹಣ ನನ್ನ ಮಟ್ಟಿಗೆ ಸಾರ್ಥಕ. ಅದರಾಚೆ ಕೊಡುವುದೆಲ್ಲ ಬಣ್ಣದ ದೀಪಗಳಿಗೆ.

ಬಯಾಸ್ ಬಗ್ಗೆ ಇನ್ನೂ ಹೇಳುವುದಿದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಬೋರ್ಡಿನ ಬಯಾಸ್ ಹಳೆಯದಾಗಿರುತ್ತದೆ. ಅದರ ಮೇಲೆ ಅದಕ್ಕಿಂತ ಹೊಸ ಪ್ರೊಸೆಸರ್ ಕೂರಿಸಿ ಪವರ್ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಯಾವುದೂ ಕೆಟ್ಟಿಲ್ಲ, ಬೋರ್ಡಿಗೆ ಆ ಪ್ರೊಸೆಸರಿನ ಪರಿಚಯವಿಲ್ಲ ಅಷ್ಟೇ. ಪರಿಚಯಿಸಲು ಹಳೆಯ ಪ್ರೊಸೆಸರ್ ಬೇಕು, ಅದು ಯಾರ ಮನೆಯಲ್ಲಿರುತ್ತದೆ? ಬಯಾಸ್ ಫ್ಲ್ಯಾಶ್‌ಬ್ಯಾಕ್ ಸೌಲಭ್ಯವುಳ್ಳ ಬೋರ್ಡಿನಲ್ಲಿ ಈ ಕಷ್ಟವಿಲ್ಲ. ಹೊಸ ಬಯಾಸನ್ನು ಪೆನ್‌ಡ್ರೈವಿಗೆ ಹಾಕಿ, ಗುರುತಿಸಿದ ಯುಎಸ್‌ಬಿ ಜಾಗಕ್ಕೆ ಚುಚ್ಚಿ, ಹಿಂಬದಿಯ ಸಣ್ಣ ಗುಂಡಿ ಒತ್ತಿದರೆ ಪ್ರೊಸೆಸರ್, ರ‍್ಯಾಮ್ ಏನೂ ಇಲ್ಲದೆಯೂ ಬೋರ್ಡ್ ತನ್ನನ್ನು ತಾನು ನವೀಕರಿಸಿಕೊಳ್ಳುತ್ತದೆ. ದುರಸ್ತಿ ಅಂಗಡಿಗೆ ಕಾರಿನಲ್ಲಿ ಹೋಗಿ ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡಬೇಕಾದ ನ್ಯೂಜಿಲೆಂಡಿನಲ್ಲಿ ಈ ಗುಂಡಿಯನ್ನು ನಾನು ಅನುಕೂಲ ಎನ್ನುವುದಿಲ್ಲ, ಅಗತ್ಯ ಎನ್ನುತ್ತೇನೆ.

ಹೊಸ ಬಯಾಸ್ ಕೇವಲ ಹೊಸ ಪ್ರೊಸೆಸರಿಗಾಗಿ ಅಲ್ಲ. 2023ರಲ್ಲಿ ಕೆಲವು ಎಎಂ5 ಬೋರ್ಡುಗಳು ಹೆಚ್ಚು ವೋಲ್ಟೇಜ್ ಕೊಟ್ಟು ರೈಜನ್ 7 7800ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟುಹೋದಾಗ, ಪ್ರೊಸೆಸರಿನ ಎಸ್‌ಒಸಿ ಭಾಗದ ವೋಲ್ಟೇಜನ್ನು 1.3 ವೋಲ್ಟಿಗೆ ಮಿತಗೊಳಿಸುವ ಬಯಾಸ್ ಬಂತು. 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳು ವೋಲ್ಟೇಜ್ ದೋಷದಿಂದ ಅಸ್ಥಿರವಾದಾಗ ಪರಿಹಾರವೂ ಬೋರ್ಡಿನ ಬಯಾಸ್ ಮೂಲಕವೇ ಬಂತು, ಆ ಪ್ರೊಸೆಸರುಗಳ ವಾರಂಟಿಯನ್ನೂ ಇಂಟೆಲ್ ಎರಡು ವರ್ಷ ಹೆಚ್ಚಿಸಿತು. ಆದ್ದರಿಂದ ಯಾವುದೇ ಬೋರ್ಡ್ ಕೊಳ್ಳುವ ಮೊದಲು ಅದರ ಬಯಾಸ್ ಪುಟ ತೆರೆದು ಕೊನೆಯ ನವೀಕರಣದ ದಿನಾಂಕ ನೋಡಬೇಕು. ಎರಡು ವರ್ಷದಿಂದ ಏನೂ ಬಂದಿಲ್ಲದ ಬೋರ್ಡನ್ನು ತಯಾರಕರು ಮರೆತಿದ್ದಾರೆಂದೇ ಅರ್ಥ.

ಇನ್ನು ಜೋಡಣೆಯ ಕಿಂಡಿಗಳು. ಹಾರ್ನ್‌ಬಿಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ವೈಫೈ ಇರುವ ಬೋರ್ಡನ್ನೇ ನಾನು ಸೂಚಿಸುತ್ತೇನೆ. ಕ್ರೈಸ್ಟ್‌ಚರ್ಚ್‌ನಲ್ಲಿ ಎನೇಬಲ್ ಕಂಪನಿಯ ಫೈಬರ್ ಮನೆಮನೆಗೆ ಬಂದಿದೆ. ಆದರೆ ಅದರ ಪೆಟ್ಟಿಗೆ ಗ್ಯಾರೇಜಿನಲ್ಲೋ ಹಾಲಿನ ಮೂಲೆಯಲ್ಲೋ ಕೂತಿರುತ್ತದೆ, ಮಗನ ಕೋಣೆ ಇನ್ನೊಂದು ತುದಿಯಲ್ಲಿರುತ್ತದೆ. ಮನೆ ಮಾಲೀಕರ ಒಪ್ಪಿಗೆಯಿಲ್ಲದೆ ಗೋಡೆ ಕೊರೆದು ತಂತಿ ಎಳೆಯುವಂತಿಲ್ಲ. ಯುಎಸ್‌ಬಿ ಡಾಂಗಲ್ ಆಗಾಗ ಕಡಿದುಹೋಗುವ ಗೋಜು ಬೇಡವೆನ್ನುವವರಿಗೆ ಬೋರ್ಡಿನಲ್ಲೇ ಇರುವ ವೈಫೈ, ಹಿಂದೆ ತಿರುಗಿಸಿ ಹಾಕುವ ಎರಡು ಆಂಟೆನಾ ಸಲೀಸು. ಸ್ವಂತ ಮನೆಯಿದ್ದು ತಂತಿ ಎಳೆದವರು ಆ ಹಣ ಉಳಿಸಬಹುದು.

ಪರದೆಗೆ ಹೋಗುವ ಎಚ್‌ಡಿಎಂಐ ಕಿಂಡಿ ಬೋರ್ಡಿನಲ್ಲಿ ಇದ್ದರೆ ಚಿತ್ರ ಬಂದೇಬಿಡುತ್ತದೆ ಎಂದು ಎಣಿಸಬಾರದು. ಚಿತ್ರ ಬರುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಿಂದ. ರೈಜನ್ 5 5600ರಲ್ಲಿ ಅದಿಲ್ಲ, 5600ಜಿಯಲ್ಲಿ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇಲ್ಲ. ಎಎಂ5ರ ರೈಜನ್ 5 7600ರಲ್ಲಿ ಸಣ್ಣದೊಂದು ಇದೆ, 7500ಎಫ್‌ನಲ್ಲಿ ಇಲ್ಲ. ಕೆಲವು ಅಗ್ಗದ ಬೋರ್ಡುಗಳಲ್ಲಿ ಎಚ್‌ಡಿಎಂಐ ಜೊತೆಗೆ ಹಳೆಯ ವಿಜಿಎ ಕಿಂಡಿಯೂ ಇರುತ್ತದೆ, ಮನೆಯಲ್ಲಿ ಹಳೆಯ ಮಾನಿಟರ್ ಇದ್ದವರಿಗೆ ಅದೂ ಉಪಯೋಗ. ರ‍್ಯಾಮಿಗೆ ಎರಡೇ ಜಾಗವಿರುವ ಬೋರ್ಡ್ ಸಾಕು. ನಾಲ್ಕಕ್ಕಾಗಿ ಹೆಚ್ಚು ಕೊಡಬೇಕಿಲ್ಲ. ಎಸ್‌ಎಸ್‌ಡಿ ಕೂರುವ ಎಂ.2 ಜಾಗ ಮಾತ್ರ ಎರಡಿರಲಿ. ಆಟದ ಕಡತಗಳು, ಊರಿನ ಮದುವೆ ವಿಡಿಯೊಗಳು ಸೇರಿ ಮೊದಲ ಎಸ್‌ಎಸ್‌ಡಿ ತುಂಬುವ ದಿನ ಬೇಗ ಬರುತ್ತದೆ.

ಗಾತ್ರದ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. 244 ಮಿಲಿಮೀಟರ್ ಚೌಕದ ಮೈಕ್ರೊ ಎಟಿಎಕ್ಸ್ ಕಡಿಮೆ ಬೆಲೆಗೂ ಸಾಮಾನ್ಯ ಕ್ಯಾಬಿನೆಟ್ಟಿಗೂ ಹೊಂದುವ ಅಳತೆ. 170 ಮಿಲಿಮೀಟರಿನ ಮಿನಿ ಐಟಿಎಕ್ಸ್ ನೋಡಲು ಚೆಂದ, ಬೆಲೆ ಜಾಸ್ತಿ.

ಬೆಂಗಳೂರಿಗೆ ಹೋಗಿಬರುವವರನ್ನು ಹಾರ್ನ್‌ಬಿಯ ಗೆಳೆಯರು ಕೇಳುವ ಮಾತೊಂದಿದೆ: "ಅಣ್ಣಾ, ಬರೋವಾಗ ಎಸ್‌ಪಿ ರೋಡಿಂದ ಒಂದು ಬೋರ್ಡ್ ತರ್ತೀರಾ?" ಈ ಆಸೆ ಅರ್ಥವಾಗುವಂಥದ್ದು. ಪುರಭವನದ ಹತ್ತಿರದ ಈ ಸದರ್ ಪತ್ರಪ್ಪ ರಸ್ತೆಯ ಮಳಿಗೆಗಳಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿದ ನೆನಪು ನಮ್ಮ ತಲೆಮಾರಿನ ಅನೇಕರಿಗಿದೆ. ಇಂಟೆಲ್ ಒರಿಜಿನಲ್ ಬೋರ್ಡ್ ಎಂಬುದು ಅಲ್ಲಿ ದೊಡ್ಡ ಮಾತಾಗಿತ್ತು, ಅದಿದ್ದರೆ ಕಂಪ್ಯೂಟರಿಗೆ ಮರ್ಯಾದೆ. 2013ರಲ್ಲಿ ಇಂಟೆಲ್ ಡೆಸ್ಕ್‌ಟಾಪ್ ಬೋರ್ಡುಗಳ ವ್ಯಾಪಾರದಿಂದಲೇ ಹೊರಬರುವುದಾಗಿ ಹೇಳಿದ ಮೇಲೆ ಆ ಕಾಲ ಮುಗಿಯಿತು. ಈಗ ಬೆಲೆಯ ವ್ಯತ್ಯಾಸ ನೋಡಿದರೆ, ಭಾರತದಲ್ಲಿ ಬೋರ್ಡಿಗೆ ಶೇ 18 ಜಿಎಸ್‌ಟಿ, ನ್ಯೂಜಿಲೆಂಡಿನಲ್ಲಿ ಶೇ 15. ತೆರಿಗೆ ಅಲ್ಲಿ ಹೆಚ್ಚಾದರೂ ಅಲ್ಲಿಂದ ತಂದರೆ ಸ್ವಲ್ಪ ಉಳಿಯಬಹುದು. ಪ್ರಯಾಣಿಕರು ಸಂಗಡ ತರುವ ವಸ್ತುಗಳಿಗೆ ಇಲ್ಲಿ 700 ಡಾಲರಿನವರೆಗೆ ಸುಂಕದ ರಿಯಾಯಿತಿಯೂ ಇದೆ. ಎರಡೂ ದೇಶದಲ್ಲಿ ವಿದ್ಯುತ್ 230 ವೋಲ್ಟ್, ಎಸ್‌ಎಂಪಿಎಸ್ ತಂದರೂ ಗೋಡೆಗೆ ಹಾಕುವ ಕೇಬಲ್ ಬದಲಿಸಿದರೆ ಸಾಕು.

ಆದರೆ ಬೋರ್ಡಿನ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದಲ್ಲೇ ನಡೆಯುತ್ತದೆ. ಎಂಟನೇ ತಿಂಗಳಲ್ಲಿ ಬೋರ್ಡ್ ಸತ್ತರೆ ಅದನ್ನು ಮತ್ತೆ ಬೆಂಗಳೂರಿಗೆ ಕಳಿಸಿ, ಯಾರನ್ನಾದರೂ ಸರ್ವಿಸ್ ಸೆಂಟರಿಗೆ ಓಡಾಡಿಸಿ, ಇನ್ನೊಬ್ಬರು ಬರುವವರೆಗೆ ಕಾಯಬೇಕು. ಇಲ್ಲಿ ಕೊಂಡ ಬೋರ್ಡಿಗೆ ತಯಾರಕರ ವಾರಂಟಿಯ ಮೇಲೆ 1993ರ ಕನ್ಸ್ಯೂಮರ್ ಗ್ಯಾರಂಟೀಸ್ ಆ್ಯಕ್ಟ್ ಎಂಬ ಕಾನೂನಿನ ಬಲವಿದೆ. ಮನೆಬಳಕೆಗೆ ವ್ಯಾಪಾರಿಯಿಂದ ಕೊಂಡ ವಸ್ತು ಒಪ್ಪತಕ್ಕ ಗುಣಮಟ್ಟದ್ದಾಗಿರಬೇಕು, ಇಲ್ಲದಿದ್ದರೆ ಅಂಗಡಿಯವರೇ ಸರಿಪಡಿಸಬೇಕು, ದೋಷ ದೊಡ್ಡದಾದರೆ ಬದಲಿಯನ್ನೋ ಹಣವನ್ನೋ ಕೇಳುವ ಹಕ್ಕು ಕೊಂಡವರದು. ತಯಾರಕರ ಹತ್ತಿರ ಹೋಗಿ ಎಂದು ಅಂಗಡಿಯವರು ಕೈತೊಳೆದುಕೊಳ್ಳುವಂತಿಲ್ಲ. ವಾರಂಟಿಯ ಅವಧಿ ಮುಗಿದ ಮಾತ್ರಕ್ಕೆ ಈ ಹಕ್ಕು ಮುಗಿಯುವುದೂ ಇಲ್ಲ. ಜಗಳ ಬಗೆಹರಿಯದಿದ್ದರೆ ವಕೀಲರಿಲ್ಲದೆ ಡಿಸ್ಪ್ಯೂಟ್ಸ್ ಟ್ರಿಬ್ಯೂನಲ್ ಮುಂದೆ ಹೋಗಬಹುದು. ಕಂಪ್ಯೂಟರಿನ ಭಾಗಗಳಲ್ಲಿ ಇಂಥ ರಕ್ಷೆ ಹೆಚ್ಚು ಬೇಕಾಗುವುದು ಬೋರ್ಡಿಗೇ, ಏಕೆಂದರೆ ಪ್ರೊಸೆಸರ್ ಕೆಡುವುದು ಅಪರೂಪ, ಬೋರ್ಡಿನ ಮೇಲೆ ಕೆಡಬಹುದಾದ ಬಿಡಿಭಾಗ ನೂರಾರು. ಬೆಂಗಳೂರಿನಿಂದ ಏನಾದರೂ ತರಿಸಲೇಬೇಕೆಂದರೆ ಪ್ರೊಸೆಸರ್ ತರಿಸಿ, ಬೋರ್ಡನ್ನು ಇಲ್ಲೇ ಕೊಳ್ಳಿ. ಪ್ರೈಸ್‌ಸ್ಪೈಯಲ್ಲಿ ಬೆಲೆ ಹೋಲಿಸಿ, ಕ್ರೈಸ್ಟ್‌ಚರ್ಚ್‌ನಲ್ಲೇ ಮಳಿಗೆಯಿರುವ ಪಿಬಿ ಟೆಕ್‌ನಂಥ ಕಡೆ ಕೊಂಡರೆ ಕೆಟ್ಟಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೇಳಬಹುದು.

ಬಳಸಿದ ಬೋರ್ಡುಗಳ ಲೋಕ ಬೇರೆಯದೇ. ಟ್ರೇಡ್ ಮಿ ಎಂಬ ಮಾರಾಟದ ತಾಣದಲ್ಲಿ ಖಾಸಗಿ ವ್ಯಕ್ತಿಯಿಂದ ಕೊಂಡರೆ ಮೇಲಿನ ಕಾನೂನು ಅನ್ವಯಿಸುವುದಿಲ್ಲ. ಸುಳ್ಳು ಹೇಳಿ ಮಾರಿದ್ದರೆ ಮಾತ್ರ ಬೇರೆ ಕಾನೂನಿನ ಆಸರೆಯಿದೆ. ಎಕ್ಸ್-ಲೀಸ್ ಎಂದು ಕರೆಯುವ, ಕಚೇರಿಗಳಿಂದ ಹೊರಬಂದ ಡೆಲ್, ಎಚ್‌ಪಿ, ಲೆನೊವೊ ಪೆಟ್ಟಿಗೆಗಳು ಇಲ್ಲಿ ಸಾಕಷ್ಟು ಸಿಗುತ್ತವೆ. ಇಡಿಯಾಗಿ ಬಳಸಲು ಅವು ಒಳ್ಳೆಯ ಬೆಲೆಗೆ ಒಳ್ಳೆಯ ವಸ್ತು. ಅದರ ಬೋರ್ಡನ್ನು ಬಿಚ್ಚಿ ಹೊಸ ಕ್ಯಾಬಿನೆಟ್ಟಿನಲ್ಲಿ ಕೂರಿಸುವ ಯೋಚನೆ ಮಾತ್ರ ಬೇಡ. ಆ ಕಂಪನಿಗಳು ಸ್ಕ್ರೂ ತೂತಿನ ಜಾಗ, ಪವರ್ ಕನೆಕ್ಟರ್, ಮುಂಬದಿಯ ಗುಂಡಿಯ ತಂತಿ ಎಲ್ಲವನ್ನೂ ತಮ್ಮದೇ ರೀತಿಯಲ್ಲಿ ಇಟ್ಟಿರುತ್ತವೆ. ಸಾಮಾನ್ಯ ಎಸ್‌ಎಂಪಿಎಸ್‌ನ 24 ಪಿನ್ನಿನ ಕನೆಕ್ಟರಿಗೆ ಅಲ್ಲಿ ಜಾಗವೇ ಇಲ್ಲದಿರಬಹುದು.

ಇನ್ನೊಂದು ಆಕರ್ಷಣೆ ಅಲಿಎಕ್ಸ್‌ಪ್ರೆಸ್‌ನ ಎಕ್ಸ್99 ಬೋರ್ಡುಗಳದು. ಸರ್ವರುಗಳಿಂದ ತೆಗೆದ ಝಿಯಾನ್ ಪ್ರೊಸೆಸರನ್ನೂ ಬೋರ್ಡನ್ನೂ ಸೇರಿಸಿ ನಂಬಲಾಗದ ಬೆಲೆಗೆ ಕೊಡುತ್ತಾರೆ. ಹದಿನಾಲ್ಕು ಕೋರು ಎಂದು ಓದಿದಾಗ ಮನಸ್ಸು ಕರಗುವುದು ಸಹಜ. ಆದರೆ ಹಳೆಯ ಚಿಪ್‌ಸೆಟ್ಟುಗಳನ್ನು ಮರುಬಳಸಿ ಮಾಡಿದ ಬೋರ್ಡುಗಳವು, ಬಯಾಸ್ ನವೀಕರಣದ ಭರವಸೆಯಿಲ್ಲ, ವಿದ್ಯುತ್ ಹೆಚ್ಚು ತಿನ್ನುತ್ತವೆ. ಇಲ್ಲಿಯ ಕಾನೂನನ್ನು ಹೊರದೇಶದ ಮಾರಾಟಗಾರನ ಮೇಲೆ ಜಾರಿ ಮಾಡಿಸುವುದು ಬಹಳ ಕಷ್ಟ. ಭಾರತದ ಪೇಟೆಯಲ್ಲಿ ಇವತ್ತಿಗೂ ಹೊಸದಾಗಿ ಸಿಗುವ ಎಚ್61 ಬೋರ್ಡುಗಳ ಮೂಲ ಚಿಪ್‌ಸೆಟ್ಟೂ 2011ರದ್ದು. ಇವೆರಡಕ್ಕೂ ಇರುವ ದೊಡ್ಡ ತೊಡಕು ವಿಂಡೋಸ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್‌ನಲ್ಲಿ 8ನೇ ಪೀಳಿಗೆ, ಎಎಂಡಿಯಲ್ಲಿ ರೈಜನ್ 2000 ಸಾಲು ಅಥವಾ ಅವುಗಳ ನಂತರದ್ದು ಬೇಕು. ಬಳಸಿದ ಬೋರ್ಡ್ ಹುಡುಕುವವರು ಈ ಗೆರೆಯಿಂದ ಕೆಳಗೆ ಇಳಿಯಬಾರದು, ಲಿನಕ್ಸ್ ಬಳಸುವ ತೀರ್ಮಾನ ಮಾಡಿದವರನ್ನು ಬಿಟ್ಟು.

ಬಳಸಿದ ಬೋರ್ಡನ್ನು ಕೈಗೆ ತೆಗೆದುಕೊಂಡಾಗ ನೋಡಬೇಕಾದ್ದು ಮೊದಲು ಸಾಕೆಟ್. ಇಂಟೆಲ್‌ನಲ್ಲೂ ಎಎಂ5ರಲ್ಲೂ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ, ಒಂದೇ ಒಂದು ಬಾಗಿದರೂ ರ‍್ಯಾಮಿನ ಅರ್ಧ ಕಾಣದೆ ಹೋಗಬಹುದು. ಎಎಂ4ರಲ್ಲಿ ಪಿನ್ನು ಪ್ರೊಸೆಸರಿನ ಹೊಟ್ಟೆಯಲ್ಲಿರುತ್ತದೆ, ಹಾಗಾಗಿ ಬಳಸಿದ ಎಎಂ4 ಬೋರ್ಡ್ ಕೊಳ್ಳುವುದು ಕಡಿಮೆ ಅಪಾಯ. ಆಮೇಲೆ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಯಾವುದಾದರೂ ಕಿಂಡಿ ಅಲುಗಾಡುತ್ತದೆಯೇ ಎಂದು. ಮಾರುವವರ ಮನೆಯಲ್ಲೇ ಪರದೆಗೆ ಜೋಡಿಸಿ ಓಡಿಸಿ ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಹೊಸ ಬೋರ್ಡಿನಲ್ಲೂ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಪಿನ್ನುಗಳ ಸಾಲನ್ನು ಬೆಳಕಿಗೆ ಹಿಡಿದು ನೋಡಿ, ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಪ್ರೊಸೆಸರ್ ಕೂರಿಸಬೇಕು. ಬಾಗಿದ ಪಿನ್ನಿಗೆ ವಾರಂಟಿ ಕೊಡುವವರು ಕಡಿಮೆ, ಅದು ನಿಮ್ಮ ಕೈಯಿಂದಾದದ್ದಲ್ಲ ಎಂದು ತೋರಿಸಲು ಆ ಫೋಟೊ ಒಂದೇ ಸಾಕ್ಷಿ. ಕ್ಯಾಂಟರ್ಬರಿಯಲ್ಲಿ ವಾಯವ್ಯದ ಒಣಗಾಳಿ ಬೀಸುವ ದಿನಗಳಲ್ಲೂ ಹೀಟ್ ಪಂಪ್ ಓಡುವ ಚಳಿಗಾಲದ ಕೋಣೆಯಲ್ಲೂ ಉಣ್ಣೆಯ ಕಾರ್ಪೆಟ್ ಮೇಲೆ ನಡೆದರೆ ಮೈಯಲ್ಲಿ ಸ್ಥಾಯಿ ವಿದ್ಯುತ್ ಸೇರಿಕೊಳ್ಳುತ್ತದೆ. ಅಡುಗೆಮನೆಯ ಮರದ ಮೇಜಿನ ಮೇಲೆ ಕೆಲಸ ಮಾಡಿ, ಆಗಾಗ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಮೊದಲು ಅದರ ರಟ್ಟಿನ ಡಬ್ಬಿಯ ಮೇಲೇ ಇಟ್ಟು, ಪ್ರೊಸೆಸರ್, ಫ್ಯಾನ್, ಒಂದು ರ‍್ಯಾಮ್ ಕಡ್ಡಿ, ಎಸ್‌ಎಂಪಿಎಸ್‌ನ ಎರಡು ಕನೆಕ್ಟರ್ ಮಾತ್ರ ಜೋಡಿಸಿ ಬಯಾಸ್ ಪರದೆ ಬರುವವರೆಗೆ ನೋಡುವುದು ಒಳ್ಳೆಯದು. ದೋಷವಿದ್ದರೆ ಹಿಂದಿರುಗಿಸುವ ಅವಧಿಯೊಳಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ತೂಗಿದ ಮೇಲೆ ನನ್ನ ಶಿಫಾರಸು ಹೀಗೆ. ಮನೆಯಲ್ಲಿ ಡಿಡಿಆರ್4 ಇರುವವರಿಗೆ ಎರಡು ಎಂ.2 ಜಾಗವಿರುವ ಬಿ550 ಮೈಕ್ರೊ ಎಟಿಎಕ್ಸ್, ಗ್ರಾಫಿಕ್ಸ್ ಕಾರ್ಡ್ ಯೋಚನೆಯೇ ಇಲ್ಲದೆ 5600ಜಿ ಹಾಕುವವರಿಗೆ ಎ520. ಏನೂ ಇಲ್ಲದೆ ಶುರುಮಾಡುವವರಿಗೆ ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ, ವಿಆರ್‌ಎಂ ಮೇಲೆ ಲೋಹದ ಹೊದಿಕೆಯಿರುವ, ವೈಫೈ ಸೇರಿದ ಬಿ650, ಅದರ ಮೇಲೆ ರೈಜನ್ 5 7600. ಬರೀ ಓದು, ಬರಹ, ವಿಡಿಯೊ ಎನ್ನುವವರಿಗೆ ಡಿಡಿಆರ್4 ಕೈಯಲ್ಲಿದ್ದರೆ ಎಚ್610 ಮತ್ತು ಐ3-12100. ಬೋರ್ಡಿನ ಪಾಲು ಒಟ್ಟು ಖರ್ಚಿನ ಆರನೇ ಒಂದು ಭಾಗ ಮೀರಿದರೆ ಏನೋ ಬೇಡದ್ದನ್ನು ಕೊಳ್ಳುತ್ತಿದ್ದೀರಿ ಎಂದು ತಿಳಿಯಬೇಕು. ಉಳಿದ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ, ಅದು ಕೆಟ್ಟರೆ ಬೋರ್ಡನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಹಳೆಯ ಬೋರ್ಡನ್ನು ಕಸದ ಡಬ್ಬಿಗೆ ಹಾಕದೆ ಹಾರ್ನ್‌ಬಿಗೆ ಹತ್ತಿರದ ಪಾರ್ಕ್‌ಹೌಸ್ ರಸ್ತೆಯ ಇಕೋಡ್ರಾಪ್ ಮರುಬಳಕೆ ಕೇಂದ್ರಕ್ಕೆ ಕೊಡಬಹುದು. ಅದಕ್ಕೂ ಮೊದಲು ಅದರಲ್ಲಿನ ರ‍್ಯಾಮನ್ನು ಬಿಚ್ಚಿಟ್ಟುಕೊಳ್ಳಿ, ಈಗಿನ ಬೆಲೆಯಲ್ಲಿ ಅದಕ್ಕೆ ಕೊಳ್ಳುವವರಿದ್ದಾರೆ.